ನೆಲಕ್ಕಿಂತ ತಡವಾಗಿ

ನ್ಯೂಲಿನ್ ಬಂದರಿನ ಹಿಂದಿನ ಕಾಲೇಜು, ಮೂರನೆಯ ಕೊಠಡಿ.
ಪರದೆ ಎಳೆದರೂ ಒಳಗೆ ನುಗ್ಗುವ ಮೀನಿನ ವಾಸನೆ,
ಕಡಲಹಕ್ಕಿಗಳ ಜಗಳ.
ಕುರ್ಚಿ ಮೂವತ್ತು. ಬಂದವರು ಇಪ್ಪತ್ತಮೂರು,
ಅದರಲ್ಲಿ ನಾಲ್ವರು ಬಿಸ್ಕತ್ತಿಗಾಗಿ.

ಗೋಡೆಗೆ ಬೆನ್ನು ಕೊಟ್ಟು ನಿಂತೆವು ಮೂವರು:
ಹಾಡು ಬರೆದು ಹಾಡಿದ ಜೋರಿ,
ಕ್ಯಾಮರಾ ಹಿಡಿದ ಲೊವೆನ್ನಾ,
ಕತ್ತರಿಸಿ ಅಂಟಿಸಿದ ನಾನು.
ನಾಲ್ಕು ನಿಮಿಷ ಆರು ಸೆಕೆಂಡು.
ಹತ್ತು ವಾರದ ನಿದ್ದೆ ಅದರೊಳಗಿತ್ತು.

ದೀಪಸ್ತಂಭದ ಕೆಳಗೆ ಒಂದು ಕೆಂಪು ಬಟ್ಟೆ
ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಹೋಗುತ್ತದಲ್ಲ,
ಅದಕ್ಕೆಂದೇ ಮೂರು ಭಾನುವಾರ ಬೆಳಗಿನ ಐದಕ್ಕೆ ಎದ್ದಿದ್ದೆವು.
ಲೊವೆನ್ನಾಳ ಬೂಟಿನೊಳಗೆ ಅರ್ಧ ಅಟ್ಲಾಂಟಿಕ್ ಸೇರಿಕೊಂಡಿತ್ತು.
ಏನದರ ಅರ್ಥ? ವಿರಹ, ಅಂದ ಜೋರಿ.
ಬಿಡುಗಡೆ ಕಣೋ, ಅಂದಳು ಅವಳು.
ನಾನು ಎರಡನ್ನೂ ವರದಿಯಲ್ಲಿ ಬರೆದೆ.

ದೀಪ ಹತ್ತಿತು. ಚೀಟಿ ಹಂಚಿದೆವು.
ಪೆನ್ಸಿಲ್ ಸಾಲದೆ ಒಬ್ಬಳು ಕಣ್ಣಿನ ಕಾಡಿಗೆಯಲ್ಲೇ ಬರೆದಳು.

‘ಚೆನ್ನಾಗಿದೆ.’
‘ಚೆನ್ನಾಗಿದೆ.’
‘ಇಂಥದ್ದು ಪ್ರಪಂಚದಲ್ಲೇ ಇಲ್ಲ’ (ಜೋರಿಯ ತಂಗಿ. ಕೈಬರಹ ಗೊತ್ತು.)
‘ಹಾಡುವವನಿಗೆ ಹೊಟ್ಟೆನೋವೇ?’
‘ಅವನ ಕೈಯ ಕಡುಬನ್ನು ಹಕ್ಕಿ ಹಾರಿಸಿಕೊಂಡು ಹೋದದ್ದು ಬೊಂಬಾಟ್!’
ಇದನ್ನೇ ಬರೆದವರು ಹನ್ನೊಂದು ಮಂದಿ.
ಅದು ನಾನು ಅಳಿಸಲು ಮರೆತಿದ್ದ ತುಣುಕು.

ಕೆಂಪು ಬಟ್ಟೆಯ ಬಗ್ಗೆ ಒಂದೇ ಒಂದು ಚೀಟಿ:
‘ಯಾರದೋ ಒಗೆದ ಬಟ್ಟೆ ಹಾರಿಹೋಯಿತು, ಪಾಪ. ಆಮೇಲೆ ಸಿಕ್ಕಿತೇ?’

ಹೆತ್ತವರಿಗೆ ಹೆಗ್ಗಣ ಮುದ್ದು.
ನಮ್ಮ ಹೆಗ್ಗಣಕ್ಕೆ ಕೆಂಪು ರೇಷ್ಮೆ ಬೇರೆ ಉಡಿಸಿದ್ದೆವು.

ಇನ್ನು ಏಳು ಚೀಟಿಯಲ್ಲಿ ಒಂದೇ ಗೊಣಗು:
‘ಎಲ್ಲೋ ಏನೋ ಸರಿಯಿಲ್ಲ.’
ಎಲ್ಲಿ? ಏನು? ಹೇಳುವವರಿಲ್ಲ.
ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು:
ಇದೆ ಅಂತ ಗೊತ್ತು, ಬೆರಳಿಗೆ ಸಿಗದು.
‘ಇವರಿಗೇನು ತಿಳಿಯುತ್ತೆ ಮಣ್ಣು’ ಅಂತ ಜೋರಿ ಬಾಯಿ ತೆಗೆದ.
ಟ್ರೆವೆಲಾ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು.
ಈ ಹೊತ್ತು ವಕೀಲಿಕೆ ಬೇಡ.

ಕುರ್ಚಿ ಜೋಡಿಸಲು ಬಂದಿದ್ದಳು ಹೊಸ್ಕಿಂಗ್ ಅಜ್ಜಿ,
ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವಳು.
ಹನ್ನೊಂದರ ವಯಸ್ಸಿಗೇ ಜ್ವರವೊಂದು
ಅವಳ ಎರಡೂ ಕಿವಿ ಮುಚ್ಚಿತ್ತು.
ಕೊನೆಯ ಸಾಲಿನಲ್ಲಿ ಶೂ ಬಿಚ್ಚಿ,
ಹಲಗೆಯ ನೆಲಕ್ಕೆ ಅಂಗಾಲು ಊರಿ
ಪೂರ್ತಿ ನೋಡಿದ್ದಳಂತೆ. ನಾವು ಎಣಿಸಿಯೇ ಇರಲಿಲ್ಲ.

ಇಪ್ಪತ್ತನಾಲ್ಕನೆಯ ಚೀಟಿ:
‘ಎರಡನೆಯ ಚರಣ ಮುಗಿದ ಮೇಲೆ
ಹುಡುಗನ ತುಟಿ
ನೆಲಕ್ಕಿಂತ ತಡವಾಗಿ ಬರುತ್ತದೆ.’

ರಾತ್ರಿ ಎಡಿಟಿಂಗ್ ಕೋಣೆಯಲ್ಲಿ ಒಬ್ಬಳೇ.
ಮುಂದೆ ಹೋದೆ, ಹಿಂದೆ ಬಂದೆ, ಮತ್ತೆ ಮುಂದೆ.
ಐದು ಫ್ರೇಮು.
ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು, ಸೆಕೆಂಡಿನ ಐದರಲ್ಲೊಂದು ಪಾಲು.
ಎಲ್ಲಿ ಜಾರಿತು ಅಂತ ಹುಡುಕುತ್ತ ಹೋದರೆ
ಕಾಲಡಿಗೇ ಸಿಕ್ಕಿತು:
ಕೆಂಪು ಬಟ್ಟೆ ಇನ್ನೊಂಚೂರು ಹಾರಲಿ ಎಂದು
ಮೋಹದಿಂದ ನಾನೇ ಎಳೆದು ಉದ್ದ ಮಾಡಿದ್ದ ಜಾಗ.
ಅಲ್ಲಿಂದಾಚೆಗೆ ಜೋರಿ ಹಾಡಿದ್ದೆಲ್ಲ
ಹಾಡು ಹೋದ ಮೇಲೆ ಬಾಗಿಲಿಗೆ ಬಂದ ನೆಂಟ.

ಶೂ ಬಿಚ್ಚಿದೆ. ಧ್ವನಿಪೆಟ್ಟಿಗೆಯನ್ನು ನೆಲಕ್ಕಿಳಿಸಿ
ಕಿವಿಗೆ ಹತ್ತಿ ತುರುಕಿ ಅಂಗಾಲು ಊರಿದೆ.
ಮೊದಲಿಗೆ ಬರೀ ಥಂಡಿ.
ಆಮೇಲೆ ಹಿಮ್ಮಡಿಯಲ್ಲಿ ಡ್ರಮ್ಮು,
ಅದರ ಹಿಂದೆ, ಹಿಂದೆಯೇ, ಏದುಸಿರು ಬಿಡುತ್ತ ಬಂದ ತುಟಿ.

ಕೆಂಪು ಬಟ್ಟೆಯನ್ನು ಕತ್ತರಿಸಿದೆ. ಐದು ಫ್ರೇಮಲ್ಲ, ಪೂರ್ತಿ.
ಲೊವೆನ್ನಾ ಎರಡು ದಿನ ಮಾತಾಡಲಿಲ್ಲ.
ಹಕ್ಕಿ ಉಳಿಯಿತು, ಕಡುಬೂ.

ವರದಿಯಲ್ಲಿ ‘ಪ್ರೇಕ್ಷಕರಿಂದ ಕಲಿತದ್ದು’ ಎಂಬ ಕಲಮಿಗೆ
ಆರು ಗೆರೆ ಬಿಟ್ಟಿದ್ದರು.
‘ತುಟಿ ಸರಿಪಡಿಸಿದೆ’ ಎಂದು ಬರೆದು
ಮಿಕ್ಕಿದ್ದನ್ನು ಖಾಲಿ ಬಿಟ್ಟೆ. ಅಂಕ ಹೋಯಿತು.

ಎರಡನೆಯ ಸಲ ತೋರಿಸಿದ ದಿನ
ಅಜ್ಜಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು.
ಅವಳಿಗೆ ಚೀಟಿ ಕೊಡಲಿಲ್ಲ ನಾನು.
ಪರದೆಗೆ ಬೆನ್ನು ಹಾಕಿ
ಅವಳ ಬರಿಗಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದೆ.