ತನಕ

ಕೂತುಕೋ ಯೆರ್ಕೊ, ಮೊದಲು ಉಸಿರು ಬಿಡು.
ಲಿಫ್ಟಿನವನು ಊಟಕ್ಕೆ ಹೋದ ಹೊತ್ತಿನಲ್ಲಿ
ನೂರ ಅರವತ್ತೊಂದು ಮೆಟ್ಟಿಲು ಹತ್ತಿ ಬಂದಿದ್ದೀಯೆ.
ನಿನಗಿಂತ ಮೊದಲು ಬರಬೇಕಿದ್ದ ಇಬ್ಬರು
ಅರ್ಧದಲ್ಲೇ ನಿಂತು ಫೋನ್ ಮಾಡಿ
‘ನಿಮ್ಮ ಬೆಟ್ಟಕ್ಕೆ ಲೈನ್ ಬರುವುದಿಲ್ಲ’ ಅಂದರು.
ಬೆಟ್ಟಕ್ಕೋ, ಅವರ ಮಂಡಿಗೋ, ನಾನು ಕೇಳಲಿಲ್ಲ.

ಚಹಾ ಕುಡಿ.
ಸಕ್ಕರೆ ಡಬ್ಬಿಯ ಪಕ್ಕದ್ದನ್ನು ಮಾತ್ರ ಮುಟ್ಟಬೇಡ,
ಅದು ಫಿಕ್ಸರ್.

ನಿನ್ನ ಕಾಗದ ಚೆನ್ನಾಗಿದೆ. ನುಣುಪು. ನಾಲ್ಕು ಬಣ್ಣ.
ನಗುವ ಹುಡುಗಿಯ ಹಲ್ಲು ತಿದ್ದಿದ್ದಾರೆ,
ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಅಷ್ಟು ಗೊತ್ತಾಗುತ್ತದೆ.
ಅವಳ ನೆತ್ತಿಯ ಮೇಲೆ ಕಿರೀಟದ ಹಾಗೆ ಆರುನೂರು.
ಅದರ ಬಾಲದಲ್ಲಿ, ಇರುವೆಯಷ್ಟು ಸಣ್ಣಗೆ: ತನಕ.
ಆರುನೂರರ ತನಕ.
ಎಲ್ಲಿಯ ತನಕ, ಮಗೂ, ಈ ತನಕ?
ನನ್ನ ಗಂಡನೂ ಸಾಯುವ ತನಕ ಅಂದಿದ್ದ;
ಇಕೀಕೆಯ ತನಕ ಹೋದ.

ನನ್ನ ದಂಧೆ ಏನೆಂದು ನೀನು ಕೇಳಲೇ ಇಲ್ಲ.
ಈ ವಾಲ್ಪರಾಯಿಸೊದ ಜನ ನನ್ನ ಬಳಿ ತರುವುದು
ಸುಟ್ಟದ್ದು, ನೆನೆದದ್ದು, ಬೆಳ್ಳಿಹುಳ ತಿಂದು ಬಿಟ್ಟದ್ದು.
ಹೋದ ತಿಂಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಮದುವೆ ಬಂತು.
ವರ ಪೂರ್ತಿ ಇದ್ದಾನೆ,
ವಧು ಮೊಣಕೈ ತನಕ.
ನೋಡು, ಇದು ತನಕ. ಇದಕ್ಕೆ ಅಳತೆ ಇದೆ.
ನಿಬಾಲ್ದೊ ಸ್ಕ್ಯಾನ್ ಮಾಡಿಕೊಟ್ಟ; ನಾನು ಹನ್ನೊಂದು ದಿನ
ಅವಳ ತಂಗಿಯ ಕೈ ನೋಡಿ ಅವಳ ಕೈ ಕಟ್ಟಿದೆ.
ಆಂತೊಫಗಾಸ್ತಕ್ಕೆ ಕಳಿಸಬೇಕು. ಎರಡು ಜೀಬಿ ಭಾರ.
ರಾತ್ರಿ ಒಂಬತ್ತಕ್ಕೆ ಗುಂಡಿ ಒತ್ತಿ ಮಲಗಿದೆ.
ನಾಲ್ಕಕ್ಕೆ ಎದ್ದು ನೋಡಿದರೆ ತೊಂಬತ್ತೇಳು,
ನೋಡುತ್ತಿದ್ದಂತೆಯೇ ಸೊನ್ನೆ.
ಗಾಳಿ. ಹೊರಗೆ ಕಂಬದಲ್ಲಿ ಜಡೆಗಟ್ಟಿದ ತಂತಿಗಳಲ್ಲಿ
ಜೀವವಿದ್ದದ್ದು ಯಾವುದು, ಸತ್ತದ್ದು ಯಾವುದು,
ಎಳೆದ ಕಂಪನಿಗೂ ನೆನಪಿಲ್ಲ.

ನಿನ್ನ ಆರುನೂರು ಇಳಿಯುವುದಕ್ಕೆ.
ನನ್ನ ಹೊಟ್ಟೆಪಾಡು ಇರುವುದು ಏರುವುದರಲ್ಲಿ.
ಏರುವುದಕ್ಕೆ ಎಷ್ಟು?
ಇಪ್ಪತ್ತೇ?
ಕಿಟಕಿಯಾಚೆ ನೋಡು, ಲಿಫ್ಟಿನವನು ಊಟ ಮುಗಿಸಿದ.
ಒಂದು ಡಬ್ಬಿ ಇಳಿದ ಭಾರಕ್ಕೇ ಇನ್ನೊಂದು ಏರುತ್ತಿದೆ, ಒಂದೇ ಹಗ್ಗ.
ನನ್ನಜ್ಜಿಯ ಕಾಲದ ಕಮ್ಮಾರರಿಗೆ ತಿಳಿದದ್ದು
ನಿಮ್ಮ ಇಂಜಿನಿಯರುಗಳಿಗೆ ತಿಳಿಯದೆ?

ಮೊದಲ ವರ್ಷ ಅರ್ಧ ಬೆಲೆ. ಎರಡನೆಯ ವರ್ಷದ್ದು
ಬಿಡು, ಹೇಳಬೇಡ, ಲೂಪ್ ಹಿಡಿದು ಓದಿದೆ.
ಕೆಟ್ಟರೆ ನಲವತ್ತೆಂಟು ಗಂಟೆಯ ಒಳಗೆ ರಿಪೇರಿ,
ಭಾನುವಾರ ಗಂಟೆಗಳಿಲ್ಲ.
ಮನೆಯ ಪ್ಲಾನಿಗಿಂತ ಅಂಗಡಿಯ ಪ್ಲಾನಿಗೆ ದುಪ್ಪಟ್ಟು ಯಾಕೆ?
ಬೇರೆ ನಂಬರು ಕೊಡುತ್ತೀರೋ, ದೂರು ಹೇಳಲು?
ಒಳ್ಳೆಯದು. ಈಗಲೇ ಮಾಡು, ನಿನ್ನ ಫೋನಿನಿಂದಲೇ.
ಸ್ಪೀಕರಿಗೆ ಹಾಕು.

ಹಾಂ, ಸಂಗೀತ.
ಸಾಲಿನಲ್ಲಿ ನಾವು ಹದಿನಾಲ್ಕನೆಯವರಂತೆ.
ನಿಬಾಲ್ದೊ, ಆ ಟ್ರೇ ಅಲುಗಾಡಿಸುತ್ತಿರು.
ಇನ್ನೊಂದು ಲೋಟ?

ಹನ್ನೆರಡು.
ಕಡಲಿಂದ ಮಂಜು ಎದ್ದು
ಬಂದರಿನ ಕ್ರೇನುಗಳು ಒಂದೊಂದೇ ಅಳಿಸಿಹೋದವು.

ಹನ್ನೆರಡೇ.

ಏನಂದೆ? ಗಟ್ಟಿಯಾಗಿ ಹೇಳು,
ನಿನ್ನ ಸಾಹೇಬರು ಈ ಮೆಟ್ಟಿಲು ಹತ್ತುವವರಲ್ಲ.
ನಿನ್ನ ಅಮ್ಮನ ಬೇಕರಿಗೆ ನೀನು ಹಾಕಿಸಿದ್ದು
ಕೆಳಗಿನ ಮಾರ್ಕೆಟ್ಟಿನ ಆ ಚಿಕ್ಕ ಕಂಪನಿಯದೇ?
ಎಂಬತ್ತು ಇಳಿದರೆ ಎಂಬತ್ತು ಏರುತ್ತದೆಯೇ?
ಫೋನ್ ಎತ್ತುವವಳ ಹೆಸರೂ ಗೊತ್ತೇ?
ರೊಸಲ್ಬಾ. ಬರೆದುಕೊಂಡೆ. ನಿನ್ನದೇ ಪೆನ್ನು, ತಗೋ.

ಸಂಗೀತ ನಿಲ್ಲಿಸು. ಸಾಕು.
ಇಳಿಯುವಾಗ ಲಿಫ್ಟಿನಲ್ಲಿ ಹೋಗು, ಚಿಲ್ಲರೆ ಮೇಜಿನ ಮೇಲಿದೆ.
ಕಾಗದ ಇಲ್ಲೇ ಇರಲಿ.
ಈ ರಾತ್ರಿ ಪುರುಸೊತ್ತಾದರೆ
ಆ ಹುಡುಗಿಯ ಒಂದು ಹಲ್ಲನ್ನಾದರೂ
ಮೊದಲಿನ ಹಾಗೆ ವಾರೆ ಮಾಡುತ್ತೇನೆ.