ಮೂರರವರೆಗೆ

ಗುರುವಾರ ಭೋಸರಿಗೆ ರಜೆ.
ಜೆ ಬ್ಲಾಕಿನಲ್ಲಿ ಪ್ರೆಸ್ಸುಗಳು ಬಾಯಿ ಮುಚ್ಚಿವೆ,
ಕೂಲಂಟಿನ ಹುಳಿವಾಸನೆ ಮಾತ್ರ ಡ್ಯೂಟಿಯಲ್ಲಿದೆ.
ಗಾಜಿನ ಕೋಣೆಯಲ್ಲಿ ನಾನು, ಖರಾತ ಮಾಮಾ,
ಗಿಯರಿನ ಹಲ್ಲು ಅಳೆಯುವ ಜರ್ಮನ್ ಯಂತ್ರ.

ಯಂತ್ರಕ್ಕೇನೂ ಆಗಿಲ್ಲ.
ಸತ್ತದ್ದು ಅದರ ಪಕ್ಕದ ಕಂಪ್ಯೂಟರು.
ಇಪ್ಪತ್ತೇಳು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು
ಹೋದ ವಾರ ಫ್ಯಾನು ನಿಂತು
ಸೀದ ಬೆಲ್ಲದ ವಾಸನೆ ಬಿಟ್ಟು ಹೋಯಿತು.
ಡಿಸ್ಕು ಉಳಿಯಿತು. ಡಿಸ್ಕಿನೊಳಗೆ ಮುದುಕ ಉಳಿದ.
ಅವನನ್ನೆತ್ತಿ ಹೊಸ ಸರ್ವರಿನ ಹೊಟ್ಟೆಯೊಳಗೆ
ಸುಳ್ಳಿನದೊಂದು ಯಂತ್ರ ಕಟ್ಟಿ ಮಲಗಿಸಿದ್ದೇನೆ:
ಸುಳ್ಳು ಡಿಸ್ಕು, ಸುಳ್ಳು ಗಡಿಯಾರ,
ಅವನಿಗೆ ಅಭ್ಯಾಸ ಅಂತ ಸುಳ್ಳು ಫ್ಲಾಪಿ ಕೂಡ.

ಏಳುತ್ತಾನೆ. ಕಣ್ಣು ಪೂರ್ತಿ ಬಿಡುವ ಮೊದಲೇ
ಪ್ರೊಸೆಸರಿಗೆ ಸೊನ್ನೆಯ ಪ್ರಶ್ನೆ ಹಾಕುತ್ತಾನೆ:
ಯಾರಪ್ಪ ನೀನು? ಎಷ್ಟರವರೆಗೆ ಕೇಳಬಹುದು ನಿನ್ನ?

ಹೊಸ ಪ್ರೊಸೆಸರು ಹುಡುಗ, ಪ್ರಾಮಾಣಿಕ, ವಾಚಾಳಿ.
ಮೂವತ್ತೊಂದರವರೆಗೆ ಕೇಳಿ, ಅನ್ನುತ್ತಾನೆ.
ಎಂಟೆಂಟು ಲೆಕ್ಕ ಒಂದೇ ಏಟಿಗೆ ಗುಣಿಸಬಲ್ಲೆ,
ಗುಟ್ಟಿಗೆ ಒಂದೇ ಉಸಿರಲ್ಲಿ ಬೀಗ ಹಾಕಬಲ್ಲೆ,
ನನ್ನೊಳಗೆ ಎಷ್ಟು ಮಂದಿ, ಎಷ್ಟು ಪದರದ ನೆನಪು,
ಕೇಳಿ, ಕೇಳಿ.
ಮುದುಕನ ಗೋಡೆಗೆ ಇರುವುದೇ ಮೂರು ಗೂಟ.
ನಾಲ್ಕನೆಯ ಅಂಗಿ ಎಲ್ಲಿ ತೂಗುಹಾಕಲಿ ಎಂದು ತಿಳಿಯದೆ
ನೀಲಿ ಪರದೆ ಎಳೆದುಕೊಂಡು ಸಾಯುತ್ತಾನೆ.

ಊಟದ ಹೊತ್ತಿಗೆ ಹನ್ನೊಂದು ಸಲ ಸತ್ತಿದ್ದ.

ಡಬ್ಬಿಯಿಂದ ಭಕ್ರಿ, ಠೇಚಾ ನನ್ನತ್ತ ಸರಿಸಿ
ಏನಂತೆ ರೋಗ, ಮಾಮಾ ಮರಾಠಿಯಲ್ಲಿ ಕೇಳಿದರು.
ಅವನು ಹೇಳುವುದು ಜಾಸ್ತಿ, ಇವನಿಗೆ ಹಿಡಿಸೋಲ್ಲ, ಅಂದೆ.
ಓಹೋ. ಆಡಿಟರ್ ಬಂದಾಗ ಮಾಲಕರು ನಮ್ಮನ್ನು ಸಾಲಾಗಿ ನಿಲ್ಲಿಸಿ
ಹೇಳಿಕೊಡುತ್ತಾರಲ್ಲ, ಹಾಗೇ ಹೇಳಿಕೊಟ್ಟುಬಿಡಿ ಅವನಿಗೂ.

ಖಾರಕ್ಕೆ ಮೂಗೊರೆಸಿಕೊಂಡು ಬರೆದದ್ದು ಒಂದೇ ಸಾಲು.
ಪ್ರಶ್ನೆ ಹೊರಟು ಉತ್ತರ ಬರುವ ನಡುದಾರಿಯಲ್ಲಿ ನಿಂತು
ಮೂವತ್ತೊಂದನ್ನು ಹಿಡಿದು, ಮೂರು ಎಂದು ದಾಟಿಸುವ ಸಾಲು.
ಹುಡುಗ ಏನನ್ನೂ ಕಳೆದುಕೊಂಡಿಲ್ಲ.
ನಾಲ್ಕರಾಚೆಯದೆಲ್ಲ ಅವನೊಳಗೆ ಬಿಸಿಬಿಸಿ ಹಾಗೇ ಇದೆ,
ಕೇಳುವವರಿಲ್ಲ, ಅಷ್ಟೆ.

ಮೂರು ಅಂತ ಒತ್ತುವಾಗ ಯಾಕೋ
ಈ ಕಂಪನಿಗೆ ಸೇರಿದ ದಿನದ ಫಾರಂ ಕಣ್ಣಿಗೆ ಕಟ್ಟಿತು.
ಬಲ್ಲ ಭಾಷೆಗಳು: ಮೂರು ಖಾನೆ.
ಮರಾಠಿ, ಹಿಂದಿ, ಇಂಗ್ಲಿಷ್. ತುಂಬಿಹೋದವು.
ಕೆಳಗೆ ಬೆರಳಗಲ ಬಿಳಿ ಜಾಗ ಇತ್ತು, ಬರೆಯಬಹುದಿತ್ತು.
ಗುಮಾಸ್ತ ಕೈ ಚಾಚಿದ್ದ, ಕೊಟ್ಟುಬಿಟ್ಟೆ.
ಅಕ್ಕಲಕೋಟೆಯಲ್ಲಿ ಅವ್ವ ನನ್ನ ಬೈಯುವ ಭಾಷೆ
ಆರು ವರ್ಷದಿಂದ ಆ ಬೆರಳಗಲದಲ್ಲಿದೆ.

ಹನ್ನೆರಡನೆಯ ಸಲ ಮುದುಕ ಸಾಯಲಿಲ್ಲ.
ಕೇಳಿದ: ಎಷ್ಟರವರೆಗೆ?
ಮೂರು.
ಸರಿ, ಅಂದ, ಮೂರೂ ಕೇಳಿದ, ಕೆಲಸಕ್ಕೆ ಹೋದ.
ಬೂದುಬಣ್ಣದ ಕಿಟಕಿ ತೆರೆಯಿತು, ತಂತಿ ಮಿಡುಕಿತು,
ಮಾಣಿಕ್ಯದ ಮೊನೆ ಮೆಲ್ಲಗೆ ಇಳಿದು
ಹಲ್ಲು ಹಲ್ಲನ್ನೂ ಮುಟ್ಟಿ ಮುಟ್ಟಿ ಸುತ್ತು ಬಂತು.
ಪರದೆಯ ಮೇಲೆ: ನಲವತ್ತೊಂದು.

ಮಾಮಾಗೆ ನಂಬಿಕೆ ಇಲ್ಲ.
ಸತ್ತು ಎದ್ದವನ ಲೆಕ್ಕ, ಅಂದರು.
ಗಿಯರನ್ನು ತೊಡೆಯ ಮೇಲಿಟ್ಟು, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ,
ಹೆಬ್ಬೆರಳ ಉಗುರು ಓಡಿಸುತ್ತ ತಮ್ಮಷ್ಟಕ್ಕೆ ಗುನುಗಿದರು:
ಒಂದ, ಎರಡ, ಮೂರ,

ನಾಕ.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.
ಮಾಮಾ, ನಿಮ್ಮದು ಯಾವೂರು?
ತಲೆಯೆತ್ತಲಿಲ್ಲ ಅವರು. ಜತ್ತ.
ಮಾತಾಡಸಬ್ಯಾಡ್ರಿ ಬಾಯಿ, ಲೆಕ್ಕ ತಪ್ಪತೈತಿ.
ಹದಿನೇಳ. ಹದಿನೆಂಟ.