ಒಂದು ಮುಚ್ಚಳ

ಕಿನಂಗೋಪಿನ ಬೆಳಗು. ಬೆಟ್ಟದಿಂದ ಇಳಿದ ಮಂಜು
ಕೋಸಿನ ಸಾಲುಗಳ ನಡುವೆ ಇನ್ನೂ ಎದ್ದಿಲ್ಲ.
ಕಿಹಾರ ಒಂದು ಎಲೆಯ ಮೇಲೆ ನೀರು ಚಿಮುಕಿಸುತ್ತಾನೆ:
ಹನಿ ಗುಂಡಗಾಗಿ, ಗೋಲಿಯಾಗಿ,
ಎಲೆಯನ್ನು ತಾನು ಮುಟ್ಟಿಯೇ ಇಲ್ಲವೆಂಬಂತೆ
ಉರುಳಿ, ನಡುನರದ ಬಳಿ ಒಂದು ಗಳಿಗೆ ತಡೆದು,
ಮಣ್ಣಿಗೆ.

"ನೋಡಿದೆಯಾ," ಅನ್ನುತ್ತಾನೆ ಮಗಳು ಮುಕಾಮಿಗೆ,
"ಹೋದ ವಾರದ ಔಷಧಿಯೆಲ್ಲ ಹೀಗೇ ಹೋಯಿತು.
ನಾನು ಕೋಸಿಗೆ ಹೊಡೆಯಲಿಲ್ಲ,
ನೆಲಕ್ಕೆ ಹೊಡೆದೆ."

ಅಂಟಿಯೂ ಅಂಟದ ಹಾಗೆ ಬಾಳಬೇಕೆಂದು
ನನ್ನ ನುಡಿಯ ಹಿರಿಯರು ತಾವರೆಯೆಲೆ ತೋರಿಸಿದರು.
ಅದರ ಮೇಣ ಅವರಿಗೆ ವೈರಾಗ್ಯವಾಗಿ ಕಂಡಿತು.
ಇಲ್ಲಿ ಕೋಸಿಗೂ ಅದೇ ಮೇಣ,
ಬೆರಳಲ್ಲಿ ಉಜ್ಜಿದರೆ ಬೂದಿಯಂತೆ ಬರುತ್ತದೆ.
ಆದರೆ ಈ ವಿರಾಗಿಯ ಹಿಂಬದಿ ತಿರುಗಿಸಿ ನೋಡಿ:
ಅಕ್ಕಿಕಾಳಿಗಿಂತ ತುಸು ಉದ್ದದ ಹಸಿರು ಹುಳ,
ಮುಟ್ಟಿದರೆ ನೂಲು ಬಿಟ್ಟು ಜೋತು ಬೀಳುವ ಹುಳ,
ಸದ್ದಿಲ್ಲದೆ ಮೇಯುತ್ತಿದೆ.

ನ್ಜಬಿನಿ ಪೇಟೆಯಲ್ಲಿ ನ್ಯಾವಿರಾಳ ಅಂಗಡಿ.
ಬೀಜದ ಪೊಟ್ಟಣ, ಕರುವಿನ ಜಂತಿನ ಮದ್ದು, ಗಮ್‌ಬೂಟುಗಳ ನಡುವಿಂದ
ಅವಳು ಹೇಳುತ್ತಾಳೆ: "ವಿಷ ಸರಿಯಾಗೇ ಇದೆ ಕಿಹಾರ.
ನಿನ್ನ ನೀರಿಗೆ ಮಾತಾಡಲು ಬರುವುದಿಲ್ಲ, ಅಷ್ಟೆ."
ಕೈಗೊಂದು ಪುಟ್ಟ ಬಾಟಲಿ ಕೊಡುತ್ತಾಳೆ.
"ಇದರೊಳಗಿನ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ.
ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ, ಮೇಣ, ಜಿಡ್ಡು.
ಮದುವೆ ಮಾತಿಗೆ ಹೋಗುವ ನನ್ನ ಸೋದರಮಾವ ಗೊತ್ತಲ್ಲ,
ಎರಡೂ ಮನೆಯಲ್ಲಿ ಉಣ್ಣುತ್ತಾನೆ,
ಆಡುಗಳ ಲೆಕ್ಕ ಮುಗಿಯುವ ತನಕ
ಒಬ್ಬರನ್ನೂ ಎದ್ದು ಹೋಗಲು ಬಿಡುವುದಿಲ್ಲ, ಹಾಗೆ.
ಇಪ್ಪತ್ತು ಲೀಟರಿಗೆ ಒಂದು ಮುಚ್ಚಳ.
ಎರಡಲ್ಲ."

ಹಗೆತನಕ್ಕೆ ಎಣ್ಣೆ ಸೀಗೆಕಾಯಿ ಎಂದು ಹೆಸರಿಟ್ಟೆವು ನಾವು.
ಸರಿಯಾಗಿ ನೋಡಿದ್ದೆವೆ?
ಎಣ್ಣೆಯನ್ನು ತಬ್ಬಿ, ನೀರಿನ ಕೈಹಿಡಿದು,
ತಲೆಯಿಂದ ಕಾಲಿನವರೆಗೆ ಇಬ್ಬರನ್ನೂ ಒಟ್ಟಿಗೆ
ನಡೆಸಿಕೊಂಡು ಹೋಗುವುದು ಆ ಸೀಗೆಯೇ ಅಲ್ಲವೆ?

ಕಿಹಾರನ ತಾಯಿಗೆ ಇದೇನೂ ಹೊಸತಲ್ಲ.
ಹಿತ್ತಲ ಸೊಪ್ಪಿಗೆ ಹೇನು ಹತ್ತಿದರೆ
ಬಟ್ಟೆಸೋಪಿನ ಚೂರು ಕದಡಿ, ಪೊರಕೆ ಅದ್ದಿ, ಬೀಸುತ್ತಾಳೆ.
"ಬಾಟಲಿಗೆ ಎಷ್ಟು ಕೊಟ್ಟೆ?" ಕೇಳುತ್ತಾಳೆ.
ಮಗ ಬೆಲೆ ಅರ್ಧ ಮಾಡಿ ಹೇಳುತ್ತಾನೆ.

ಒಂದು ಮುಚ್ಚಳ. ಕಡ್ಡಿಯಿಂದ ಕಲಕು. ಅಂಚಿಗೆ ಸಣ್ಣ ನೊರೆ.
ಈ ಸಲ ಎಲೆಯ ಮೇಲೆ ಬಿದ್ದ ಹನಿ
ತನ್ನ ಗುಂಡು ಬೆನ್ನನ್ನು ಇಳಿಸಿತು,
ಚಾಪೆಯಂತೆ ಹಾಸಿಕೊಂಡು ಮಲಗಿತು,
ಅಂಚು ದಾಟಿ, ಮಡಿಕೆಗೆ ನುಸುಳಿ,
ಹುಳ ಅಡಗಿದ್ದ ಕತ್ತಲಿಗೂ ಹೋಗಿ ಬಂತು.
ಮುಕಾಮಿ ಚಪ್ಪಾಳೆ ತಟ್ಟಿದಳು.

ಡಬ್ಬಿಯ ಚೀಟಿಯಲ್ಲಿ ವಿಷದ ಹೆಸರಿದೆ, ಶೇಕಡಾ ಇದೆ,
ತಲೆಬುರುಡೆಯ ಚಿತ್ರವಿದೆ.
ವಿಷದೊಡನೆ ಕಾರ್ಖಾನೆಯಲ್ಲೇ ಬೆರೆತು ಬಂದ ಇಂಥವೇ ದಲ್ಲಾಳಿಗಳಿಗೆ
ಒಂದೇ ಪದ: ಇತರೆ.
ಬಾಗಿಲು ತೆರೆದವನ ಹೆಸರು
ಯಾವ ದಾಖಲೆಯಲ್ಲಿ ಇರುತ್ತದೆ!

ಮಧ್ಯಾಹ್ನದ ಹೊತ್ತಿಗೆ ಕಿಹಾರನ ಅಂಗಿ ಒದ್ದೆ.
ಬೆವರೆಂದುಕೊಂಡ. ಬೆವರಲ್ಲ.
ಬೆನ್ನ ಮೇಲಿನ ಟ್ಯಾಂಕಿಗೆ ಹಳೆಯ ವಾಷರು,
ಟ್ಯೂಬಿನ ರಬ್ಬರು ಸುತ್ತಿದ ಗಂಟು.
ಚರ್ಮಕ್ಕೂ ಒಂದು ಜಿಡ್ಡಿನ ಕಾವಲಿದೆ, ಎಲೆಗಿರುವಂತೆ;
ಆ ಒಂದು ಮುಚ್ಚಳಕ್ಕೆ
ಕೋಸು ಯಾವುದು ಕಿಹಾರ ಯಾರು ಗೊತ್ತಾಗುವುದಿಲ್ಲ.
ಅದಕ್ಕೆ ಗೊತ್ತಿರುವುದು ಒಂದೇ ಕೆಲಸ,
ಒಪ್ಪಿಸುವುದು.

ಸಂಜೆ, ಹಿತ್ತಲಲ್ಲಿ ಬಿಸಿನೀರ ಬೋಗುಣಿ.
ಅಜ್ಜಿ ತನ್ನ ಬಟ್ಟೆಸೋಪನ್ನು ಮೊಮ್ಮಗಳ ಕೈಗಿಟ್ಟಳು.
ಮುಕಾಮಿ ಅಪ್ಪನ ಬೆನ್ನು ಉಜ್ಜುತ್ತಾಳೆ,
ಕೆಂಪಾದ ಕಡೆ ಮೆಲ್ಲಗೆ, ಉಳಿದ ಕಡೆ ಗಟ್ಟಿಯಾಗಿ.
ನೊರೆ ಏಳುತ್ತದೆ.
ಹೊಸ ದಲ್ಲಾಳಿಯೊಡನೆ ಹಳೆಯ ದಲ್ಲಾಳಿ ಮಾತಿಗೆ ಕೂತಿದೆ:
ಒಳಕ್ಕೆ ಕರೆತಂದವನೇ, ಇಷ್ಟನ್ನಾದರೂ ಹೊರಕ್ಕೆ ಬಿಡು.

"ಇನ್ನೊಂದು ಸಲ," ಅನ್ನುತ್ತಾಳೆ ಅಜ್ಜಿ ಒಳಗಿನಿಂದ.
ನೀರು ಬೆನ್ನಿಂದ ಇಳಿದು, ಕಲ್ಲು ದಾಟಿ,
ಸೊಪ್ಪಿನ ಪಾತಿಯ ಕಡೆಗೆ ಹರಿಯುತ್ತದೆ.